ಕಳೆದ ದುಡ್ಡಿಗೆ ಕಟ್ಟಿದ ಚೀಟಿ

ಅವನಿಗೆ ತಂಪಣ್ಣ ಎಂದು ಹೆಸರಿಟ್ಟವರು ಯಾರೆಂದು ಈಗ ಯಾರಿಗೂ ನೆನಪಿಲ್ಲ. ಫ್ರಿಜ್ ರಿಪೇರಿ ಮಾಡುತ್ತಾನೆ ಎಂಬುದು ಒಂದು ಕಾರಣ. ಎಂಥ ಗಿರಾಕಿ ಬಂದು ಎಷ್ಟು ಕೂಗಾಡಿದರೂ ಅವನ ದನಿ ಒಂದು ಮೆಟ್ಟಿಲೂ ಮೇಲೇರುವುದಿಲ್ಲ ಎಂಬುದು ಇನ್ನೊಂದು. ಎರಡು ಬೀದಿಗಳು ಕೂಡುವ ಮೂಲೆಯಲ್ಲಿ, ಔಷಧದಂಗಡಿಗೂ ಇಸ್ತ್ರಿ ಅಂಗಡಿಗೂ ನಡುವೆ ಅವನ ಅಂಗಡಿ. ಒಳಗೆ ಏಳೆಂಟು ಫ್ರಿಜ್‌ಗಳು, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತ ರೋಗಿಗಳ ಹಾಗೆ, ಬಾಗಿಲು ತೆರೆದುಕೊಂಡು ಸಾಲಾಗಿ ನಿಂತಿರುತ್ತವೆ.

ಫ್ರಿಜ್ ಬಂದ ಕೂಡಲೇ ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಪೈಕಿ ಅಲ್ಲ ತಂಪಣ್ಣ. ಮೊದಲು ಕೇಳುತ್ತಾನೆ. ಯಾವಾಗಿಂದ ಹೀಗೆ? ಅದಕ್ಕೆ ಮುಂಚೆ ಹೇಗಿತ್ತು? ಸದ್ದು ಬರುತ್ತಿತ್ತೋ, ಬರುತ್ತಿದ್ದದ್ದು ನಿಂತಿತೋ? ಕೊನೆಗೆ ಇದನ್ನು ಬಿಚ್ಚಿದವರು ಯಾರು? ಉತ್ತರಗಳನ್ನೆಲ್ಲ ಒಂದು ರಟ್ಟಿನ ಚೀಟಿಯ ಮೇಲೆ ಬರೆದು, ತಂತಿಯಿಂದ ಫ್ರಿಜ್ಜಿನ ಹಿಡಿಗೆ ಕಟ್ಟುತ್ತಾನೆ. ದೂರು ಏನು, ಕಾರಣ ಏನು ಕಂಡಿತು, ಏನು ಮಾಡಿದೆ ಎಲ್ಲವೂ ಅದರಲ್ಲಿರುತ್ತದೆ. ಫ್ರಿಜ್ ಮನೆಗೆ ಹೋದ ಮೇಲೆ ಚೀಟಿ ಅಂಗಡಿಯ ಡಬ್ಬಿಗೆ ಬೀಳುತ್ತದೆ. ಮೂರು ತಿಂಗಳು ಬಿಟ್ಟು ಆ ಗಿರಾಕಿಗೆ ಫೋನ್ ಮಾಡಿ, ‘ಹೇಗಿದೆ ನಮ್ಮ ರೋಗಿ?’ ಎಂದು ವಿಚಾರಿಸಿ, ಚೀಟಿಯ ಬೆನ್ನಿಗೆ ಅದನ್ನೂ ಬರೆಯುತ್ತಾನೆ. ತಾನು ಅಂದುಕೊಂಡದ್ದು ಎಲ್ಲಿ ಸರಿಯಾಯಿತು, ಎಲ್ಲಿ ತಪ್ಪಿತು ಎಂದು ಅವನಿಗೆ ತಿಳಿಯುವುದು ಆ ಬೆನ್ನಿನ ಬರಹದಿಂದಲೇ. ಅದಕ್ಕೇ ಊರಿನ ಆ ಕಡೆಯಿಂದಲೂ ಜನ ಫ್ರಿಜ್ ಹೊರಿಸಿಕೊಂಡು ಅವನಲ್ಲಿಗೆ ಬರುತ್ತಾರೆ.

ಇಷ್ಟು ನಿಧಾನದ ಮನುಷ್ಯ ದುಡ್ಡು ಹಾಕುವ ಮಾತು ಬಂದರೆ ಮಾತ್ರ ಬೇರೆಯೇ ಆಗಿಬಿಡುತ್ತಿದ್ದ.

ಹನ್ನೊಂದು ವರ್ಷದ ಹಿಂದಿನ ಮಾತು. ಮಿರಮಿರ ಮಿಂಚುವ ಬೂಟು ಹಾಕಿಕೊಂಡ ಒಬ್ಬ ಏಜೆಂಟ್ ಅಂಗಡಿಗೆ ಬಂದ. ಹತ್ತು ಮೊಲ, ಪಂಜರ, ಒಂದು ಮೂಟೆ ಮೇವು ಎಲ್ಲ ಕಂಪನಿಯೇ ಕೊಡುತ್ತದೆ. ನೀವು ದುಡ್ಡು ಕಟ್ಟಿ, ತಾರಸಿ ಮೇಲೆ ಸಾಕಿ. ಮರಿಗಳನ್ನೆಲ್ಲ ನಾವೇ ವಾಪಸ್ ಕೊಳ್ಳುತ್ತೇವೆ ಎಂದ. ಏಜೆಂಟ್ ಒಂದು ಕಪ್ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ತಂಪಣ್ಣ ಸಹಿ ಹಾಕಿದ್ದ. ಮೂರು ತಿಂಗಳು ಕಂಪನಿಯ ವ್ಯಾನ್ ತಪ್ಪದೆ ಬಂದು ಮರಿ ಒಯ್ದು ದುಡ್ಡು ಕೊಟ್ಟಿತು. ನಾಲ್ಕನೆಯ ತಿಂಗಳು ಬರಲಿಲ್ಲ. ಐದನೆಯ ತಿಂಗಳು ಫೋನ್ ಎತ್ತುವವರೂ ಇಲ್ಲ. ಆದರೆ ಈ ಸುದ್ದಿ ಮೊಲಗಳಿಗೆ ಯಾರು ಹೇಳಬೇಕು? ಅವು ತಮ್ಮ ಪಾಡಿಗೆ ಮರಿ ಹಾಕುತ್ತಲೇ ಹೋದವು. ತಾರಸಿಯ ಮೇಲೆ ಅರವತ್ತನಾಲ್ಕು ಮೊಲಗಳಾದಾಗ ತಂಪಣ್ಣನ ಹೆಂಡತಿ ಒಣಹಾಕಿದ್ದ ಸೀರೆಯ ಅಂಚು ಮಾಯವಾಯಿತು. ಮೊಲಗಳನ್ನು ಶಿಶುವಿಹಾರಕ್ಕೆ, ಗಿರಾಕಿಗಳಿಗೆ, ನೆಂಟರಿಗೆ ಕೈ ಮುಗಿದು ಕೊಟ್ಟದ್ದಾಯಿತು. ‘ಹೋದ ಮನೇಲೆಲ್ಲ ಒಂದೊಂದು ಜೊತೆ ಕೊಟ್ಟು ಬಂದ್ವಿ. ಆಮೇಲೆ ನಮ್ಮನ್ನ ಯಾರೂ ಮನೆಗೆ ಕರೀಲೇ ಇಲ್ಲ’ ಎಂದು ಅತ್ತೆ ಇಂದಿಗೂ ಹೇಳುತ್ತಾಳೆ.

ಅತ್ತೆ ಎಂದರೆ ಹೆಂಡತಿಯ ತಾಯಿ. ಮೂವತ್ತು ವರ್ಷ ರೈಲು ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ಮನೆಯಲ್ಲೂ ಕಿಂಡಿಯ ಹಿಂದೆ ಕೂತಂತೆಯೇ ಮಾತು: ಚಿಕ್ಕದು, ಚೊಕ್ಕದು, ಎದುರಿನವರು ಚಿಲ್ಲರೆ ಹುಡುಕುವಷ್ಟರಲ್ಲಿ ಮುಗಿದಿರುತ್ತದೆ. ಅಳಿಯನನ್ನು ಕಂಡರೆ ಅವಳಿಗೆ ಪ್ರಾಣ. ಆದರೆ ಮೊಲದ ಮಾತೆತ್ತಿ ಅವನ ಕಾಲೆಳೆಯದ ವಾರವಿಲ್ಲ.

ಮೊಲದ ಕಥೆ ಹಳೆಯದಾಗುವಷ್ಟರಲ್ಲಿ ಷೇರಿನ ಕಥೆ ಬಂತು. ಒಂದು ಮನೆಯ ಮೂರನೇ ಮಹಡಿಗೆ ಫ್ರಿಜ್ ನೋಡಲು ಹೋಗಿದ್ದಾಗ, ಆ ಮನೆಯ ಯಜಮಾನ ಟಿ.ವಿ.ಯಲ್ಲಿ ಓಡುವ ಅಂಕಿಗಳನ್ನು ತೋರಿಸಿ, ‘ಈ ಗೋಡೆ ಬಣ್ಣದ ಕಂಪನಿ ಹಿಡ್ಕೋ, ಮೂರು ತಿಂಗಳಲ್ಲಿ ಡಬಲ್’ ಎಂದ. ಅಂಕಿ ಅವನ ಕಣ್ಣೆದುರೇ ಏರುತ್ತಿತ್ತು. ಮರುದಿನ ಬೆಳಿಗ್ಗೆ ತಂಪಣ್ಣ ಆರು ತಿಂಗಳ ಉಳಿತಾಯ ಸುರಿದ. ಮೂರು ವಾರಕ್ಕೆ ಅದು ಇಳಿಯತೊಡಗಿತು. ಮೂರನೇ ಮಹಡಿಯವನಿಗೆ ಫೋನ್ ಮಾಡಿದರೆ ಬರೀ ರಿಂಗಾಗುತ್ತಿತ್ತು. ಹೆದರಿ, ಮುಕ್ಕಾಲು ಬೆಲೆಗೆ ಮಾರಿ, ಅಂದಿನಿಂದ ಪೇಪರಿನಲ್ಲಿ ಆ ಪುಟವನ್ನೇ ತೆರೆಯಲಿಲ್ಲ.

ಎರಡು ಸೋಲಾದ ಮೇಲೆ ಅವನಿಗೊಂದು ಗೆಲುವೂ ಸಿಕ್ಕಿತ್ತು. ಅದನ್ನವನು ಎದೆಯ ಮೇಲೆ ಪದಕದಂತೆ ತೊಟ್ಟುಕೊಂಡಿದ್ದ. ಮುಚ್ಚಿಹೋದ ಹೋಟೆಲೊಂದರಿಂದ ಹಳೆಯ ಐಸ್ ಯಂತ್ರ ಕೊಂಡು, ಸರಿಮಾಡಿ, ಒಂದು ಬೇಸಿಗೆ ಜ್ಯೂಸ್ ಅಂಗಡಿಗಳಿಗೆ ಐಸ್ ಮಾರಿ, ಹಾಕಿದ ದುಡ್ಡಿನ ಎರಡರಷ್ಟು ಎತ್ತಿದ್ದ. ಯಾರಾದರೂ ಮೊಲ ಎಂದರೆ ಸಾಕು, ‘ಐಸ್ ಯಂತ್ರ ಮರೆತುಬಿಟ್ರಾ?’ ಎನ್ನುತ್ತಿದ್ದ.

ಹೀಗಿರುವಾಗ ಒಂದು ವಾರ ಎರಡು ಸಂಗತಿ ಒಟ್ಟಿಗೆ ನಡೆದವು. ತಂಪಣ್ಣನ ಹೆಂಡತಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಹನ್ನೆರಡು ವರ್ಷದಿಂದ ತಿಂಗಳು ತಿಂಗಳು ಸಂಬಳದಲ್ಲಿ ಒಂದು ಪಾಲನ್ನು ಬ್ಯಾಂಕಿನ ಉಳಿತಾಯ ಖಾತೆಗೆ ಹಾಕಿ, ಗಂಡನ ಕೈಗೆ ಸಿಗದಂತೆ ಕಾದುಕೊಂಡು ಬಂದಿದ್ದಳು. ಅದು ದೊಡ್ಡ ಗಂಟೇ ಆಗಿದೆ, ಹೀಗೆ ಸುಮ್ಮನೆ ಬಿಡಬೇಡಿ ಎಂದು ಬ್ಯಾಂಕಿನವರೇ ಕರೆದು ಹೇಳಿದರು. ಅದಾದ ಎರಡೇ ದಿನಕ್ಕೆ ಬೇಕರಿ ಯಜಮಾನ ಅಂಗಡಿಗೆ ಬಂದ. ತಂಪಣ್ಣನ ಹಳೆಯ ಗಿರಾಕಿ, ಒಳ್ಳೆಯವನೇ, ಆದರೆ ಯಾವುದನ್ನು ನೋಡಿದರೂ ಅದು ಉಬ್ಬಿ ಬರುತ್ತದೆ ಎಂದು ನಂಬುವ ಮನುಷ್ಯ. ಸಗಟು ಮಾರುಕಟ್ಟೆಯ ಹಿಂದೆ ಒಂದು ಶೀತಲ ಕೋಣೆ ಕಟ್ಟೋಣ, ಹಣ್ಣಿನವರು ಬಾಡಿಗೆ ಕೊಟ್ಟು ಮಾಲು ಇಡುತ್ತಾರೆ, ನೀನು ಅರ್ಧ ಪಾಲುದಾರ, ಮುಂದಿನ ವಾರ ಶನಿವಾರದೊಳಗೆ ಹೇಳು, ಇನ್ನೊಂದು ಪಾರ್ಟಿ ಕಾಯ್ತಾ ಇದೆ ಎಂದ.

ತಂಪಣ್ಣನ ಕಿವಿ ನೆಟ್ಟಗಾಯಿತು. ಇದು ಮೊಲವಲ್ಲ, ಬಣ್ಣವಲ್ಲ, ತಂಪು. ತನ್ನ ಕಸುಬು! ಮನೆಗೆ ಬಂದವನೇ ಹೆಂಡತಿಯ ಮುಂದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಅವಳು ಮುಖ ಗಂಟು ಹಾಕಲಿಲ್ಲ, ಬೇಡವೆಂದೂ ಅನ್ನಲಿಲ್ಲ.

‘ರೀ, ಒಂದು ಮಾತು ಕೇಳ್ತೀನಿ. ಒಂದು ಫ್ರಿಜ್ ಎರಡು ಸಲ ಕೆಟ್ಟು ನಿಮ್ಮ ಅಂಗಡಿಗೆ ಬಂದ್ರೆ, ಮೂರನೇ ಸಲ ಅದಕ್ಕೆ ಕರೆಂಟ್ ಕೊಡೋ ಮುಂಚೆ ಏನ್ ಮಾಡ್ತೀರಿ?’

‘ಹಳೇ ಚೀಟಿ ತೆಗೆದು ನೋಡ್ತೀನಿ.’

‘ನಿಮ್ಮ ದುಡ್ಡಿನ ಹಳೇ ಚೀಟಿ ಎಲ್ಲಿವೆ?’

ತಂಪಣ್ಣ ಅಂಗಿಯ ಜೇಬು ತಡಕಿದ. ಒಳಕೋಣೆಯಿಂದ ಅತ್ತೆಯ ದನಿ ಬಂತು: ‘ಭಾನುವಾರ ಊಟ ಆದ್ಮೇಲೆ ಕೂರೋಣ. ಅಳಿಯಂದಿರೇ, ಖಾಲಿ ಚೀಟಿ ತರೋದು ಮರೀಬೇಡಿ.’

ಭಾನುವಾರ ಮಧ್ಯಾಹ್ನ ಊಟದ ಮೇಜು ಒರೆಸಿ ಮೂವರೂ ಕೂತರು. ಹೆಂಡತಿಯ ಕೈಯಲ್ಲಿ ಪೆನ್ನು. ರಕ್ತದ ವರದಿ ಬರೆದು ಬರೆದು ಪಳಗಿದ ಕೈ, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅತ್ತೆ ಕನ್ನಡಕ ಏರಿಸಿಕೊಂಡು ಎದುರಿಗೆ. ತಂಪಣ್ಣ ಮಾತ್ರ ಗಿರಾಕಿಯ ಜಾಗದಲ್ಲಿ, ಕೆಟ್ಟ ಫ್ರಿಜ್ ತಂದವನ ಮುಖ ಮಾಡಿಕೊಂಡು.

‘ಮೊದಲನೇದು ಮೊಲ’ ಎಂದಳು ಹೆಂಡತಿ. ‘ಎಷ್ಟು ಹೊತ್ತು ಯೋಚನೆ ಮಾಡಿದ್ರಿ?’

‘ಒಂದು ಕಪ್ ಕಾಫಿ.’

‘ಕಾಫಿ ಬಿಸಿ ಇತ್ತಾ, ಆರಿತ್ತಾ?’ ಅತ್ತೆ ಕೇಳಿದಳು.

‘ಆರಿತ್ತು. ಬೇಗ ಕುಡಿದ.’

ಹೆಂಡತಿ ಬರೆದುಕೊಂಡಳು. ‘ಆ ಮೊಲನೆಲ್ಲ ಕಂಪನಿ ಯಾರಿಗೆ ಮಾರುತ್ತೆ ಅಂತ ಕೇಳಿದ್ರಾ?’

ತಂಪಣ್ಣ ತಲೆ ಕೆರೆದುಕೊಂಡ. ಹನ್ನೊಂದು ವರ್ಷದಲ್ಲಿ ಈ ಪ್ರಶ್ನೆ ಅವನ ತಲೆಯೊಳಗೆ ಬಂದೇ ಇರಲಿಲ್ಲ. ಕಂಪನಿಯವರು ಮೋಸಗಾರರು ಎಂದು ಬೈದಿದ್ದ, ತನ್ನ ಹಣೆಬರಹ ಎಂದು ಬೈದುಕೊಂಡಿದ್ದ. ಆದರೆ ಅಷ್ಟೊಂದು ಮೊಲ ಕೊಳ್ಳುವವರು ಯಾರಾದರೂ ಈ ಊರಿನಲ್ಲಿ ಇದ್ದಾರೆಯೇ ಎಂದು ಆವತ್ತೂ ಕೇಳಿರಲಿಲ್ಲ, ಆಮೇಲೂ ಕೇಳಿರಲಿಲ್ಲ. ‘ಇಲ್ಲ ಕಣೇ, ಕೇಳ್ಲಿಲ್ಲ. ಬಹುಶಃ ಯಾರೂ ಇರ್ಲಿಲ್ಲ. ಹೊಸಬರ ಹತ್ರ ಇಸ್ಕೊಂಡ ದುಡ್ಡಲ್ಲೇ ನಮಗೆ ಮೂರು ತಿಂಗಳು ಕೊಟ್ಟಿರ್ಬೇಕು.’

‘ಕಾರಣ ಸಿಕ್ತು’ ಎಂದು ಹೆಂಡತಿ ಎರಡನೇ ಚೀಟಿ ತೆಗೆದಳು.

ಷೇರಿನ ಚೀಟಿಗೆ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು. ಯಾಕೆ ಕೊಂಡಿರಿ? ಏರುತ್ತಿತ್ತು. ಯಾಕೆ ಮಾರಿದಿರಿ? ಇಳಿಯುತ್ತಿತ್ತು. ಕಂಪನಿ ಲಾಭ ಮಾಡುತ್ತಿತ್ತೇ, ಸಾಲದಲ್ಲಿತ್ತೇ? ಗೊತ್ತಿಲ್ಲ. ಬೆನ್ನಿನ ಬರಹಕ್ಕೆ ಬಂದಾಗ ಹೆಂಡತಿ, ‘ಆಮೇಲೆ ಏನಾಯ್ತು?’ ಎಂದಳು. ತಂಪಣ್ಣ ಮುಖ ತಿರುಗಿಸಿದ. ಅವಳು ಸುಮ್ಮನೆ ಫೋನ್ ತೆಗೆದು ಆ ಬಣ್ಣದ ಕಂಪನಿಯ ಇಂದಿನ ಬೆಲೆ ಹುಡುಕಿ, ಮೇಜಿನ ಮೇಲೆ ಅವನ ಕಡೆಗೆ ತಳ್ಳಿದಳು.

ಅವನು ಕೊಂಡ ಬೆಲೆಗೆ ನಾಲ್ಕು ಪಟ್ಟು.

ತಂಪಣ್ಣ ಫೋನನ್ನು ಕಣ್ಣಿಗೆ ಹತ್ತಿರ ತಂದ, ದೂರ ಹಿಡಿದ. ಅಂಕಿ ಬದಲಾಗಲಿಲ್ಲ. ಕೊನೆಗೆ ಅವನ ಹೊಟ್ಟೆಯೊಳಗಿಂದ ಗುಳುಗುಳು ನಗು ಎದ್ದು ಬಂತು. ‘ಎಂಟು ವರ್ಷ ಆ ಕಂಪನೀನ ಬೈದೆನಲ್ಲ! ಕಂಪನಿ ಗಟ್ಟಿಯಾಗೇ ಇತ್ತು, ನಡುಗಿದ್ದು ನಾನು.’

‘ಹಾಗಂತ ಇಟ್ಕೊಂಡಿದ್ರೆ ನೀವು ಜಾಣರು ಅಂತಾನೂ ಅಲ್ಲ’ ಎಂದಳು ಅತ್ತೆ. ‘ಯಾಕೆ ಏರಿತು ಅಂತ ನಿಮಗೆ ಗೊತ್ತಿರ್ಲಿಲ್ಲ, ಯಾಕೆ ಇಳೀತು ಅಂತಾನೂ ಗೊತ್ತಿರ್ಲಿಲ್ಲ. ಎಲ್ಲಿಗೆ ಹೋಗೋ ರೈಲು ಅಂತ ನೋಡ್ದೆ ಹತ್ತೋದು, ಎರಡನೇ ಸ್ಟೇಷನ್ನಲ್ಲಿ ಗಾಬರಿಯಾಗಿ ಇಳಿಯೋದು. ಇಂಥೋರನ್ನ ದಿನಾ ನೋಡಿದೀನಿ.’

ಮೂರನೆಯ ಚೀಟಿ ಬಂದಾಗ ತಂಪಣ್ಣ ಕುರ್ಚಿಯಲ್ಲಿ ನೆಟ್ಟಗೆ ಕೂತ. ಐಸ್ ಯಂತ್ರ. ಕಾರಣ ಎಂಬ ಸಾಲಿನಲ್ಲಿ ‘ನನ್ನ ಜಾಣತನ ಅಂತ ಬರಿ’ ಎಂದ. ಹೆಂಡತಿ ಬರೆಯಲು ಹೋದವಳು ಪೆನ್ನು ಎತ್ತಿಹಿಡಿದು ಕೇಳಿದಳು: ‘ಆ ಬೇಸಿಗೇಲಿ ಊರಿನ ದೊಡ್ಡ ಐಸ್ ಫ್ಯಾಕ್ಟರಿ ಮುಚ್ಚಿತ್ತಲ್ವಾ? ಗ್ಯಾಸಿನ ಪೈಪೋ ಏನೋ ಒಡೆದು ಎರಡು ತಿಂಗಳು ಬಾಗಿಲು ಹಾಕಿದ್ರು. ಲ್ಯಾಬಿಗೂ ಐಸ್ ಸಿಗ್ದೆ ಒದ್ದಾಡಿದ್ವಿ.’

ತಂಪಣ್ಣ ನೆನಪಿಸಿಕೊಂಡ. ಹೌದು. ಫ್ಯಾಕ್ಟರಿ ತೆರೆದ ಮೇಲೆ ತನ್ನ ಐಸಿಗೆ ಗಿರಾಕಿಗಳೇ ಇರಲಿಲ್ಲ. ಅದಕ್ಕೇ ಅಲ್ಲವೇ ಯಂತ್ರ ಮಾರಿದ್ದು? ಆರು ವರ್ಷ ಮೆರೆಸಿದ ಪದಕ ಸದ್ದಿಲ್ಲದೆ ಕೆಳಗೆ ಬಿತ್ತು. ‘ಯಂತ್ರ ನೋಡಿ ಕೊಂಡಿದ್ದು ಮಾತ್ರ ನನ್ನ ಜಾಣತನ’ ಎಂದ ಸಣ್ಣ ದನಿಯಲ್ಲಿ. ‘ಮಿಕ್ಕಿದ್ದು ಫ್ಯಾಕ್ಟರಿಯವರ ದಯೆ.’

‘ಎರಡನ್ನೂ ಬರೀತೀನಿ’ ಎಂದಳು ಹೆಂಡತಿ. ಬರೆದ ಮೇಲೆ ತನ್ನಷ್ಟಕ್ಕೆ ತಾನೇ ಇನ್ನೊಂದು ಚೀಟಿ ಎಳೆದುಕೊಂಡಳು. ‘ಇದು ನನ್ನದು. ಹನ್ನೆರಡು ವರ್ಷ ಹೆದರ್ಕೊಂಡು ಒಂದೇ ಖಾತೇಲಿ ಇಟ್ಟೆ. ಶುರು ಮಾಡಿದಾಗ ಈಗ ಇರೋವಷ್ಟು ದುಡ್ಡಿಗೆ ಎರಡು ಕೋಣೆಯ ಮನೆ ಬರ್ತಿತ್ತು. ಈಗ ಅದಕ್ಕೆ ಅಡುಗೆಮನೆ ಬಂದ್ರೆ ಹೆಚ್ಚು. ನಿಮ್ಮದು ಕಣ್ಣಿಗೆ ಕಾಣೋ ಹಾಗೆ ಹೋಯ್ತು, ನಂದು ಕಾಣದ ಹಾಗೆ ಸವೀತು.’

ತಂಪಣ್ಣ ಅವಳನ್ನೇ ನೋಡಿದ. ಇಷ್ಟು ದಿನ ಮನೆಯಲ್ಲಿ ತಪ್ಪು ಮಾಡುವವನು ತಾನೊಬ್ಬನೇ ಎಂದುಕೊಂಡಿದ್ದ. ಏನೋ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಗಂಟಲು ಸರಿಮಾಡಿಕೊಂಡಳು. ಲೋಟದ ನೀರು ಪೂರ್ತಿ ಕುಡಿದಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು.

‘ಇನ್ನೊಂದು ಚೀಟಿ ಕೊಡೇ.’

‘ಯಾವುದಕ್ಕಮ್ಮ?’

‘ಮೊಲಕ್ಕೆ.’

‘ಮೊಲದ್ದು ಬರೆದಾಯ್ತಲ್ಲ!’

‘ಅದು ಅವರ ಮೊಲ. ನಂದೂ ಹದಿನೈದು ಇತ್ತು.’

ಅತ್ತೆ ಮೇಜಿನ ಮರವನ್ನೇ ನೋಡುತ್ತ, ಒಂದೊಂದೇ ಟಿಕೆಟ್ ಹರಿದು ಕೊಡುವಂತೆ ಹೇಳಿದಳು. ಮನೆಯಲ್ಲಿ ಸಾಕಲು ಆಗದವರಿಗೆ ಕಂಪನಿಯ ತೋಟದಲ್ಲೇ ಸಾಕುವ ಇನ್ನೊಂದು ಯೋಜನೆ ಇತ್ತು. ಅದೇ ಮಿಂಚುವ ಬೂಟಿನವನು ಅವಳ ಕೌಂಟರಿಗೂ ಬಂದಿದ್ದ. ಅವಳು ಯಾರಿಗೂ ಹೇಳದೆ ಬೋನಸ್ ದುಡ್ಡು ಕಟ್ಟಿದ್ದಳು. ‘ನಿಮ್ಮ ಮೊಲನಾದ್ರೂ ಕಣ್ಣಿಗೆ ಕಾಣ್ತಿತ್ತು, ಸೀರೆ ತಿಂತಿತ್ತು. ನಂದು ಬರೀ ರಸೀದಿ ಮೇಲಿನ ಮೊಲ.’

‘ಅಯ್ಯೋ ಅತ್ತೆ! ಮತ್ತೆ ಹನ್ನೊಂದು ವರ್ಷದಿಂದ ನನ್ನ ಕಾಲೆಳೀತಾ ಇದ್ರಲ್ಲ?’

‘ಮೊಲ ಅಂದಾಗಲೆಲ್ಲ ನನ್ನ ಹೊಟ್ಟೆ ಉರೀತಿತ್ತು. ನಿಮ್ಮನ್ನ ಅಂದ್ರೆ ಸ್ವಲ್ಪ ತಣ್ಣಗಾಗ್ತಿತ್ತು.’

‘ಕಟ್ಟಿದ್ದು ಯಾಕಮ್ಮ?’ ಹೆಂಡತಿ ಪೆನ್ನು ಹಿಡಿದೇ ಕೇಳಿದಳು. ನಗು ತಡೆಯಲು ಅವಳ ಕೆನ್ನೆ ಉಬ್ಬಿತ್ತು.

‘ನಮ್ಮ ಅಳಿಯ ಎಷ್ಟು ನಿಧಾನದ ಮನುಷ್ಯ, ಒಂದು ಸ್ಕ್ರೂ ಬಿಚ್ಚಬೇಕಾದ್ರೂ ಹತ್ತು ಪ್ರಶ್ನೆ ಕೇಳ್ತಾರೆ. ಅವರೇ ದುಡ್ಡು ಹಾಕಿದಾರೆ ಅಂದ್ಮೇಲೆ ಎಲ್ಲ ವಿಚಾರಿಸಿಯೇ ಇರ್ತಾರೆ ಅಂದ್ಕೊಂಡೆ.’

ಹೆಂಡತಿ ತಡೆಯಲಾರದೆ ನಕ್ಕಳು, ಅತ್ತೆಯೂ ನಕ್ಕಳು, ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆದರೆ ನಗು ಇಳಿದ ಮೇಲೆ ತಂಪಣ್ಣನಿಗೆ ಆ ಮಾತು ಒಳಗೆಲ್ಲೋ ನಾಟಿತು. ತಾನು ಮೂರನೇ ಮಹಡಿಯವನನ್ನು ನಂಬಿದ್ದ, ಅತ್ತೆ ತನ್ನನ್ನು ನಂಬಿದ್ದಳು, ಬಹುಶಃ ಮೂರನೇ ಮಹಡಿಯವನೂ ಯಾರನ್ನೋ ನಂಬಿದ್ದ. ನಡುವೆ ನಿಜವಾಗಿ ವಿಚಾರಿಸಿದವರು ಒಬ್ಬರೂ ಇಲ್ಲ. ಅವನು ಐದೂ ಚೀಟಿಗಳನ್ನು ಮೇಜಿನ ಮೇಲೆ ಹರಡಿ, ಅಂಗಡಿಯಲ್ಲಿ ಒಂದೇ ರೋಗದ ಐದು ಫ್ರಿಜ್ ಬಂದಾಗ ನೋಡುವಂತೆ ಹಿಂದೆ ಮುಂದೆ ತಿರುಗಿಸಿ ನೋಡಿದ. ಕಳೆದುಕೊಂಡ ಕಡೆಯಲ್ಲೆಲ್ಲ ಯೋಚನೆಗೆ ಕೊಟ್ಟ ಹೊತ್ತು ಒಂದು ದಿನವೂ ಇರಲಿಲ್ಲ. ಯಾರು ಕೊಳ್ಳುತ್ತಾರೆ ಎಂಬ ಸಾಲು ಅವೆಲ್ಲದರಲ್ಲೂ ಖಾಲಿ. ಹೆಂಡತಿಯ ಚೀಟಿಯೊಂದರಲ್ಲಿ ಮಾತ್ರ ಯೋಚನೆ ಹನ್ನೆರಡು ವರ್ಷ ನಡೆದಿತ್ತು, ಕೆಲಸ ಮಾತ್ರ ಆಗಿರಲಿಲ್ಲ.

ಸೋಮವಾರ ಅವನು ಬೇಕರಿಗೆ ಹೋಗಿ, ‘ಶನಿವಾರಕ್ಕೆ ಆಗಲ್ಲ ಯಜಮಾನ್ರೇ. ಒಂದು ತಿಂಗಳು ಬೇಕು’ ಎಂದ.

‘ಒಂದು ತಿಂಗಳಾ! ಆ ಪಾರ್ಟಿ ಬಂದುಬಿಟ್ರೆ?’

‘ಬಂದ್ರೆ ಅವರಿಗೇ ಕೊಟ್ಬಿಡಿ. ನಂಗೇನೂ ಬೇಜಾರಿಲ್ಲ.’

ಬೇಜಾರಿಲ್ಲ ಎಂದು ಬಾಯಿ ಹೇಳಿತು. ಬೇಕರಿಯ ಮೆಟ್ಟಿಲಿಳಿಯುವಾಗ ಮಾತ್ರ ತಿರುಗಿ ಹೋಗಿ ಸಹಿ ಹಾಕಿಬಿಡಲೇ ಎಂದು ಎರಡು ಸಲ ಅನ್ನಿಸಿತು. ಹಾಗೆ ಅನ್ನಿಸಿದ್ದನ್ನೂ ಹೊಸ ಚೀಟಿಯ ಮೂಲೆಯಲ್ಲಿ ಬರೆದುಕೊಂಡ.

ಮರುದಿನ ಬೆಳಿಗ್ಗೆ ಐದೂವರೆಗೆ ಸಗಟು ಮಾರುಕಟ್ಟೆಗೆ ಹೊರಟಾಗ ಅತ್ತೆ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ‘ಜನ ಎಣಿಸೋದು ನನ್ನ ಕೆಲಸ. ನಡೀರಿ.’ ಲಾರಿಗಳು ಹಿಂದೆ ಸರಿಯುವ ಪೀಪೀ, ಒದ್ದೆ ಗೋಣಿಯ ವಾಸನೆ, ಬುಟ್ಟಿ ಹೊತ್ತವರ ‘ದಾರಿ, ದಾರಿ’. ಅತ್ತೆ ಒಂದು ಕಿತ್ತಳೆ ಪೆಟ್ಟಿಗೆಯನ್ನು ಬೋರಲು ಹಾಕಿ ಅದರ ಮೇಲೆ ಕೂತು, ಎಷ್ಟು ಮಾಲು ಬಂತು, ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂದು ಲೆಕ್ಕ ಹಿಡಿದಳು. ತಂಪಣ್ಣ ಒಬ್ಬೊಬ್ಬ ಹಣ್ಣಿನವನನ್ನೇ ಮಾತಾಡಿಸಿದ. ‘ಬಾಡಿಗೆ ಕೊಟ್ಟು ತಂಪಲ್ಲಿ ಇಡ್ತೀರಾ?’ ಎಂದರೆ ಹೆಚ್ಚಿನವರು ನಕ್ಕರು. ‘ಹತ್ತು ಗಂಟೆಗೆ ಮಾಲೆಲ್ಲ ಖಾಲಿ ಅಣ್ಣ. ಉಳಿದಿದ್ದು ಜ್ಯೂಸಿನವರು ಒಯ್ತಾರೆ. ಬಾಡಿಗೆ ಯಾಕೆ ಕೊಡೋಣ?’ ಹೀಗೆ ಆರು ಬೆಳಿಗ್ಗೆ ಹೋದರು. ಬಾಡಿಗೆ ಕೊಡುತ್ತೇವೆ ಎಂದ ಹಣ್ಣಿನವರು ಒಟ್ಟು ಏಳು ಜನ. ಬೇಕರಿ ಯಜಮಾನ ಬರೆದುಕೊಟ್ಟಿದ್ದ ಲೆಕ್ಕದ ಕಾಗದದಲ್ಲಿ ಇದ್ದದ್ದು ಮೂವತ್ತು.

ಆಮೇಲೆ ತಂಪಣ್ಣ ಆ ಕಾಗದ ಹಿಡಿದು ತನ್ನ ಕಸುಬಿಗೆ ಇಳಿದ. ಕೋಣೆಯ ಬಾಗಿಲು ದಿನಕ್ಕೆ ಹತ್ತು ಸಲ ತೆರೆಯುತ್ತದೆ ಎಂದು ಹಿಡಿದು ಕರೆಂಟಿನ ಖರ್ಚು ಹಾಕಿದ್ದರು. ಊರಿನ ಇನ್ನೊಂದು ತುದಿಯಲ್ಲಿ ಅಂಥದೇ ಕೋಣೆ ನೋಡಿಕೊಳ್ಳುವ ಮೆಕ್ಯಾನಿಕ್ ಒಬ್ಬ ಅವನಿಗೆ ಪರಿಚಯ. ಅವನ ಬಳಿ ಹೋಗಿ ಒಂದು ದಿನ ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕೂತ. ಸಂಜೆಯ ಹೊತ್ತಿಗೆ ಬಾಗಿಲು ನೂರ ಹದಿಮೂರು ಸಲ ತೆರೆದಿತ್ತು. ಕರೆಂಟ್ ಬಿಲ್ ತೋರಿಸು ಎಂದು ಕೇಳಿ ನೋಡಿದ. ಯಜಮಾನನ ಅಂದಾಜಿನ ಎರಡರಷ್ಟಿತ್ತು.

ಬೇಕರಿಯ ಹಿಂದಿನ ಕೋಣೆಯಲ್ಲಿ, ಹಿಟ್ಟಿನ ಮೂಟೆಗಳ ನಡುವೆ, ಇದನ್ನೆಲ್ಲ ಹೇಳಿದಾಗ ಯಜಮಾನನ ಮುಖ ಬಿಸಿ ತಟ್ಟದ ಕೇಕಿನಂತೆ ಕುಸಿಯಿತು. ‘ಅಂದ್ರೆ ನೀನು ಬರಲ್ಲ ಅಂತೀಯಾ?’

‘ಬರಲ್ಲ ಅಂತ ಎಲ್ಲಿ ಹೇಳ್ದೆ? ಕೋಣೆ ಅರ್ಧ ಮಾಡೋಣ. ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಯ ಪರದೆ ಹಾಕಿದ್ರೆ ತಂಪು ಹೊರಗೆ ಓಡಲ್ಲ. ಹೊಸ ಯಂತ್ರ ಬೇಡ, ಗಟ್ಟಿಯಾದ ಹಳೇದೊಂದನ್ನ ನಾನೇ ಹುಡುಕ್ತೀನಿ. ನನ್ನದು ಅರ್ಧ ಪಾಲು ಬೇಡ, ಕಾಲು ಸಾಕು.’

‘ಆ ಇನ್ನೊಂದು ಪಾರ್ಟಿ...’

‘ಆ ಪಾರ್ಟಿ ಇದ್ದಾರಾ ಯಜಮಾನ್ರೇ?’

ಯಜಮಾನ ಹಿಟ್ಟಿನ ಮೂಟೆಯನ್ನೊಮ್ಮೆ ನೋಡಿದ. ‘ನಮ್ಮ ಭಾವಮೈದ. ಅವನೂ ಬೇಡ ಅಂದ’ ಎಂದು ಹೇಳಿ ತಾನೇ ನಕ್ಕುಬಿಟ್ಟ.

ಹೆಂಡತಿಯ ಗಂಟಿನಲ್ಲಿ ಐದರಲ್ಲೊಂದು ಪಾಲು ಮಾತ್ರ ಶೀತಲ ಕೋಣೆಗೆ ಹೋಯಿತು. ಹೋದರೂ ಮನೆ ನಡೆಯುತ್ತದೆ ಎಂಬಷ್ಟೇ ದುಡ್ಡು. ಅರ್ಧ ಬ್ಯಾಂಕಿನ ಠೇವಣಿಗೆ ಹೋಯಿತು. ಸ್ವಲ್ಪ ಕಷ್ಟಕಾಲಕ್ಕೆಂದು ಕೈಗೆ ಸಿಗುವ ಹಾಗೆ ಉಳಿಯಿತು. ಮಿಕ್ಕದ್ದು ನೂರಾರು ಕಂಪನಿಗಳಲ್ಲಿ ಹಂಚಿ ಹಾಕುವ ಒಂದು ಫಂಡಿಗೆ ತಿಂಗಳ ಕಂತಿನಲ್ಲಿ. ಪ್ರತಿಯೊಂದಕ್ಕೂ ದುಡ್ಡು ಕಟ್ಟುವ ಮುಂಚೆಯೇ ಚೀಟಿ ಬರೆದರು. ಏನು ನಂಬಿ ಹಾಕುತ್ತಿದ್ದೇವೆ, ಎಷ್ಟು ವರ್ಷಕ್ಕೆ, ಏನು ಕಂಡರೆ ಹೊರಗೆ ಬರುತ್ತೇವೆ ಎಂದು ಬರೆದು, ಕೆಳಗೆ ಮೂವರ ಸಹಿ. ಫಂಡಿನ ಚೀಟಿಯಲ್ಲಿ ಹೆಂಡತಿ ಒಂದು ಸಾಲು ಹೆಚ್ಚಿಗೆ ಸೇರಿಸಿದಳು: ‘ಷೇರುಪೇಟೆ ಬಿದ್ದರೆ ಮಾರುವಂತಿಲ್ಲ, ಕಂತು ನಿಲ್ಲಿಸುವಂತಿಲ್ಲ.’

ಎಂಟನೆಯ ತಿಂಗಳು ಪೇಟೆ ನಿಜಕ್ಕೂ ಬಿತ್ತು. ಸುದ್ದಿ ಓದಿದವರ ಮುಖವೆಲ್ಲ ಸಪ್ಪಗಿತ್ತು. ತಂಪಣ್ಣನ ಬೆರಳು ಫೋನಿನ ಮೇಲೆ ಓಡಾಡತೊಡಗಿತು. ಎರಡು ಸಲ ಚೀಟಿ ತೆಗೆದು ಓದಿದ. ಮೂರನೆಯ ಸಲ ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಅಂಗಡಿಗೆ ಹೋಗಿ, ಅಲ್ಲಿದ್ದ ಎಲ್ಲ ಫ್ರಿಜ್‌ಗಳ ಹಿಂದಿನ ಜಾಲರಿಯ ಧೂಳನ್ನೂ ಬ್ರಷ್ ಹಿಡಿದು ಉಜ್ಜಿದ. ಸಂಜೆಯ ಹೊತ್ತಿಗೆ ಫ್ರಿಜ್‌ಗಳೆಲ್ಲ ಹೊಸದಾಗಿದ್ದವು, ಅವನು ಮಾತ್ರ ಬೂದಿಯಲ್ಲಿ ಹೊರಳಿದಂತಿದ್ದ. ಆ ತಿಂಗಳೂ ಕಂತು ತಪ್ಪಲಿಲ್ಲ. ಬಿದ್ದ ಪೇಟೆ ಮೇಲೇಳಲು ಒಂದು ವರ್ಷವೇ ಹಿಡಿಯಿತು.

ಶೀತಲ ಕೋಣೆಯೇನೂ ಬಂಗಾರದ ಗಣಿಯಾಗಲಿಲ್ಲ. ಮೊದಲ ವರ್ಷ ಖರ್ಚಿಗೆ ಬಾಡಿಗೆ ಸರಿಹೋಯಿತು, ಅಷ್ಟೆ. ಒಪ್ಪಿಕೊಂಡಿದ್ದ ಏಳು ಹಣ್ಣಿನವರಲ್ಲಿ ನಾಲ್ವರು ಕೈಕೊಟ್ಟರು. ಆದರೆ ಯಾರೂ ಎಣಿಸಿರದ ಹೂವಿನವರು ಒಬ್ಬೊಬ್ಬರಾಗಿ ಬರತೊಡಗಿ, ಎರಡನೆಯ ವರ್ಷದ ಹೊತ್ತಿಗೆ ಕೋಣೆ ತುಂಬಿತು. ಪಾಲು ತಿಂಗಳು ತಿಂಗಳು ಕೈಗೆ ಬರತೊಡಗಿತು. ಚೀಟಿಯ ಬೆನ್ನಿಗೆ ತಂಪಣ್ಣ ಬರೆದ: ‘ಹಣ್ಣಿನವರ ಬಗ್ಗೆ ನನ್ನ ಲೆಕ್ಕ ತಪ್ಪು. ಕರೆಂಟಿನ ಲೆಕ್ಕ ಸರಿ. ಹೂವಿನವರು ಅದೃಷ್ಟ, ಅವರನ್ನು ಕೇಳಬೇಕು ಎಂದು ನನಗೆ ಹೊಳೆದಿರಲಿಲ್ಲ. ಮುಂದಿನ ಸಲ ಎಲ್ಲರನ್ನೂ ಕೇಳಬೇಕು.’

ಸುದ್ದಿ ಬೀದಿಯಲ್ಲಿ ಹರಡಿತು. ದುಡ್ಡು ಹಾಕುವ ಮುಂಚೆ ಜನ ತಂಪಣ್ಣನ ಬಳಿ ಬರತೊಡಗಿದರು. ಅವನು ಹಾಕು ಎನ್ನುವುದಿಲ್ಲ, ಬೇಡ ಎನ್ನುವುದೂ ಇಲ್ಲ. ಒಂದು ಖಾಲಿ ಚೀಟಿ ಕೊಟ್ಟು, ‘ತುಂಬ್ಕೊಂಡು ಬಾ’ ಎನ್ನುತ್ತಾನೆ. ಇಸ್ತ್ರಿ ಅಂಗಡಿಯವನು ಹೀಗೆ ಚೀಟಿ ಒಯ್ದವನು ಮೂರು ದಿನ ಬಿಟ್ಟು ಬಂದು, ‘ಯಾರು ಕೊಳ್ತಾರೆ ಅನ್ನೋ ಸಾಲೇ ತುಂಬಕ್ಕಾಗ್ಲಿಲ್ಲ ಅಣ್ಣ. ಆ ಏಜೆಂಟಿಗೆ ಕೇಳಿದ್ರೆ ಅವನಿಗೆ ಸಿಟ್ಟು ಬಂತು’ ಎಂದ. ಅವನ ದುಡ್ಡು ಅವನ ಬಳಿಯೇ ಉಳಿಯಿತು. ಔಷಧದಂಗಡಿಯವಳು ಮಾತ್ರ ಎರಡೂ ಬದಿ ತುಂಬಿಸಿ, ಇನ್ನೂ ಒಂದು ಚೀಟಿ ಕೇಳಿ ಪಡೆದು, ತಂಗಿಯ ಜೊತೆ ಸೇರಿ ಮುಂದಿನ ಬೀದಿಯಲ್ಲಿ ಕನ್ನಡಕದ ಅಂಗಡಿ ತೆರೆದಳು. ಅದು ಈಗ ಚೆನ್ನಾಗಿಯೇ ನಡೆಯುತ್ತಿದೆ.

ಮೂರನೆಯ ವರ್ಷ ಶೀತಲ ಕೋಣೆಯ ಪಾಲಿನಿಂದ ಫ್ರಿಜ್ ಸಾಗಿಸಲು ಒಂದು ಹಳೆಯ ವ್ಯಾನ್ ಬಂತು. ಓಡಿಸುವವರು ಯಾರು ಎಂಬುದು ಪ್ರಶ್ನೆ. ತಂಪಣ್ಣ ಸ್ಟೀರಿಂಗ್ ಹಿಡಿದರೆ ರಸ್ತೆ ನೋಡುವುದನ್ನು ಬಿಟ್ಟು ಎಂಜಿನ್ನಿನ ಸದ್ದಿಗೆ ಕಿವಿ ಕೊಡುತ್ತಿದ್ದ. ಕಲಿಸುವವನು ಎರಡೇ ದಿನಕ್ಕೆ ಕೈ ಮುಗಿದ. ಹೆಂಡತಿ ಲ್ಯಾಬಿನ ಕೆಲಸ ಮುಗಿಸಿ ಒಂದೂವರೆ ತಿಂಗಳು ಕಲಿತು, ಮೊದಲ ಸಲಕ್ಕೇ ಲೈಸೆನ್ಸ್ ತಂದಳು.

ಒಂದು ಬೆಳಿಗ್ಗೆ ಮೂವರೂ ವ್ಯಾನಿನಲ್ಲಿ ಊರಾಚೆಯ ಕೆರೆ ನೋಡಲು ಹೊರಟರು. ಹೆಂಡತಿ ಸ್ಟೀರಿಂಗಿನ ಹಿಂದೆ, ಅತ್ತೆ ನಡುವೆ, ತಂಪಣ್ಣ ಕಿಟಕಿಯ ಪಕ್ಕ ತಿಂಡಿಯ ಡಬ್ಬಿ ಹಿಡಿದುಕೊಂಡು. ನಾಲ್ಕು ರಸ್ತೆ ಕೂಡುವಲ್ಲಿ ವ್ಯಾನ್ ನಿಂತಿತು. ಹೆಂಡತಿ ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಮತ್ತೆ ಆ ಕಡೆ ನೋಡಿದಳು. ಹಿಂದಿನ ಕಾರಿನವನು ಹಾರ್ನ್ ಒತ್ತತೊಡಗಿದ.

‘ಹಿಂದೆ ಕೂಗ್ತಾ ಇದಾನೆ ಕಣೇ’ ಎಂದಳು ಅತ್ತೆ.

‘ಕೂಗ್ಲಿ ಬಿಡಮ್ಮ, ಅವನ ಹಾರ್ನು, ಅವನಿಷ್ಟ’ ಎಂದು ಹೆಂಡತಿ ಇನ್ನೊಮ್ಮೆ ನೋಡಿ, ರಸ್ತೆ ಖಾಲಿಯಾದದ್ದು ಖಚಿತವಾದ ಮೇಲೆ ಎಡಕ್ಕೆ ತಿರುಗಿಸಿದಳು. ತಂಪಣ್ಣ ಡಬ್ಬಿಯ ಮುಚ್ಚಳ ತೆಗೆದು ಮೊದಲ ತುತ್ತನ್ನು ಡ್ರೈವರಮ್ಮನಿಗೆ ಕೊಟ್ಟ.